ಗೋಡೆ ತುಳಿಯಬೇಡಿ

ಮೂವತ್ತು-ನಲವತ್ತರ ಸೈಟೆಂದರೆ 1200 ಚದರಡಿ. ಸುತ್ತ ಸೆಟ್‌ಬ್ಯಾಕ್ ಬಿಟ್ಟು ಉಳಿದ ಜಾಗದಲ್ಲಿ ನನಗೊಂದು ತೊಟ್ಟಿ ಬೇಕು, ಹೆಂಡತಿಗೆ ಯುಟಿಲಿಟಿ, ಮಗನಿಗೆ ಚಿಲಕ ಇರುವ ರೂಮು, ಅಮ್ಮನಿಗೆ ಬೀದಿ ಕಾಣುವ ಜಗಲಿ. ಕಾರಿಗೂ ಜಾಗ ಬೇಕು. ನಮ್ಮಲ್ಲಿ ಕಾರಿಲ್ಲ, ಅದು ಬೇರೆ ವಿಷಯ.

ಪ್ಲಾನ್ ಕೇಳಿದ ತಕ್ಷಣ ಬರೆದುಕೊಡುತ್ತಾರೆ ಎಂದುಕೊಂಡು ಹೋದರೆ, ಆರ್ಕಿಟೆಕ್ಟ್ ಹುಡುಗಿ ನೋಟ್‌ಬುಕ್ ತೆಗೆದು ವಿಚಾರಣೆಗೆ ಕೂತಳು. ಬೆಳಿಗ್ಗೆ ಮೊದಲು ಏಳೋದು ಯಾರು? ಒದ್ದೆ ಟವೆಲ್ ಎಲ್ಲಿ ಹಾಕ್ತೀರಿ? ಜಗಳ ಆದರೆ ಯಾರು ಯಾವ ಮೂಲೆಗೆ ಹೋಗ್ತೀರಿ? ಕೊನೆಯ ಪ್ರಶ್ನೆಗೆ ನನ್ನ ಹೆಂಡತಿ ಕೊಟ್ಟ ಉತ್ತರ ಒಂದೂವರೆ ಪುಟವಾಯಿತು. ನಾನು ಮಾತು ತಿರುಗಿಸಲು ಮೊಬೈಲಿನಲ್ಲಿ ಕೂಡಿಟ್ಟಿದ್ದ ಫೋಟೋ ತೋರಿಸಿದೆ: ಚೆಟ್ಟಿನಾಡಿನ ಕಂಬ, ಗೋವಾದ ಕಿಟಕಿ, ಕೇರಳದ ಮಾಡು, ರಾಜಸ್ಥಾನದ ಜಾಲಿ. ಅವಳು ಎಲ್ಲವನ್ನೂ ಶ್ರದ್ಧೆಯಿಂದ ನೋಡಿ, "ನಾಲ್ಕು ರಾಜ್ಯ ಇದೆ ಸರ್, ಮನೆ ಎಲ್ಲಿದೆ?" ಅಂದಳು.

ಸುಮ್ಮನಿರುವ ಜಾಯಮಾನ ನನ್ನದಲ್ಲ. 1935ರಲ್ಲಿ ಪಿಟ್ಸ್‌ಬರ್ಗಿನ ಸಾಹುಕಾರ ಕಾಫ್‌ಮನ್ ಜಲಪಾತ ಕಾಣುವಂಥ ಮನೆ ಬೇಕೆಂದಾಗ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ನೆತ್ತಿಯ ಮೇಲೇ ಮನೆ ಕೂರಿಸಿದ್ದನ್ನು ವಿವರಿಸಿದೆ. "ಅದು ಸೋರ್ತಿತ್ತು ಸರ್" ಎಂದಳು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಲಾರಿ ಬೇಕರ್ ಕಟ್ಟುತ್ತಿದ್ದ ಗೋಡೆಯನ್ನು ಎತ್ತಿದೆ. ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು. ಅವಳ ಕಣ್ಣು ಅರಳಿತು. ಆದರೆ ಜೊತೆಗೆ ಭಾವಮೈದ ಬಂದಿದ್ದ. "ಟೊಳ್ಳು ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಗೆ ಹೋಗುತ್ತೆ" ಎಂದುಬಿಟ್ಟ. ಈ ಮನುಷ್ಯ ಆರ್ಕಿಟೆಕ್ಟ್ ಫೀಸು ದಂಡವೆಂದು ಮೇಸ್ತ್ರಿಯ ಬಾಯಿಮಾತಿನಲ್ಲೇ ಮನೆ ಕಟ್ಟಿಸಿದವನು. ಅವನ ಮನೆಯ ಮೆಟ್ಟಿಲು ಹತ್ತುವ ಪ್ರತಿಯೊಬ್ಬರೂ ಒಂಬತ್ತನೇ ಮೆಟ್ಟಿಲಿನಲ್ಲಿ ತೊಲೆಗೆ ನಮಸ್ಕಾರ ಮಾಡಿಯೇ ಮೇಲೆ ಹೋಗಬೇಕು. ಆದರೂ ಮಾತು ನೋಡಿ!

ನಕ್ಷೆಗಳು ಬಂದವು, ಹೋದವು. ಕಾಗದದ ಮೇಲೆ ನನಗೆ ಎಲ್ಲ ಕೋಣೆಯೂ ಚಿಕ್ಕದು, ಹೆಂಡತಿಗೆ ಎಲ್ಲವೂ ದೊಡ್ಡದು. ಕೊನೆಗೆ ಹುಡುಗಿ ರೋಸಿ, ಒಂದು ಭಾನುವಾರ ಮೈಸೂರಿನ ಆ ಖಾಲಿ ಸೈಟಿನಲ್ಲಿ ಕಳೆ ಕೀಳಿಸಿ, ಸುಣ್ಣದ ಪುಡಿಯಲ್ಲಿ ಇಡೀ ಮನೆಯನ್ನು ನಿಜ ಅಳತೆಯಲ್ಲೇ ನೆಲದ ಮೇಲೆ ಬರೆದಳು. "ಒಂದರ್ಧ ಗಂಟೆ ಇದರಲ್ಲಿ ಬದುಕಿ ನೋಡಿ. ಗೋಡೆ ತುಳಿಯಬೇಡಿ, ಬಾಗಿಲಿಂದ ಬನ್ನಿ."

ಬದುಕಿದೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟೆ, ಒಳಗೆಲ್ಲ ನೆಗ್ಗಿಲುಮುಳ್ಳು. ಗಾಳಿಯಲ್ಲಿ ಬೆಲ್ ಒತ್ತಿ ಬಾಯಲ್ಲೇ ಟಿಂಗ್‌ಟಾಂಗ್ ಅಂದೆ. "ತೆಗೆದೇ ಇದೆ, ಬನ್ನಿ" ಅಂತ ಆಗ್ನೇಯದ ಅಡುಗೆಮನೆಯಿಂದ ಹೆಂಡತಿ. ಹಾಲಿನಲ್ಲಿ ಗತ್ತಿನಿಂದ ಕುಕ್ಕರಗಾಲಲ್ಲಿ ಕೂತೆ. "ಸರ್, ಟಿವಿ ಮೇಲೆ ಕೂತಿದ್ದೀರಿ." ಎದ್ದೆ. ಅಷ್ಟರಲ್ಲಿ ಮಗನನ್ನು ಫ್ರಿಜ್ ಮಾಡಿ ನಿಲ್ಲಿಸಿದ್ದರು. ಅವನ ಬಲಗೈಯೇ ಬಾಗಿಲು. ಹೆಂಡತಿ ಬಾಗಿಲು ಎಳೆದರೆ ಅದು ಅಡುಗೆಮನೆಗೆ ಬರುವವರ ಮೂಗಿಗೆ ಸರಿಯಾಗಿ ಬಡಿಯುತ್ತಿತ್ತು. ಫ್ರಿಜ್ಜನ್ನು ಎಡಕ್ಕೆ ಸರಿಸಿ, ಹಿಂದಕ್ಕೆ ತಳ್ಳಿ, ಬೆನ್ನು ತಿರುಗಿಸಿ ನಿಲ್ಲಿಸಿದರು. "ನನಗೆ ಹಸಿವಾಗ್ತಿದೆ" ಅಂತು ಫ್ರಿಜ್.

ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದವರು ಮನೆಮಂದಿಯನ್ನೆಲ್ಲ ಕೂಗಿ ಕರೆದರು. ಪ್ರೇಕ್ಷಕರು ಸೇರಿದ ಮೇಲೆ ನನ್ನನ್ನು ತಡೆಯುವವರುಂಟೇ? ನೇರ ಬಚ್ಚಲುಮನೆಗೆ ಹೋದೆ. ನಾಲ್ಕಡಿ-ಏಳಡಿ. ಚೊಂಬೆತ್ತಿ ಸುರಿದುಕೊಂಡೆ, ಬೆನ್ನುಜ್ಜಿದೆ, ಸೋಪು ಜಾರಿತು, ಬಗ್ಗಿದೆ. ಪೈಪು ಉಳಿಯಲೆಂದು ಬಚ್ಚಲಿಗೂ ಅಡುಗೆಮನೆಗೂ ಒಂದೇ ಗೋಡೆ ಇಟ್ಟಿದ್ದರು. ಬಗ್ಗಿದವನ ಹಿಂಭಾಗ ಆ ಗೋಡೆ ದಾಟಿ ಹೆಂಡತಿಯ ಸಿಂಕಿನಲ್ಲಿತ್ತು. ತಾರಸಿಯಿಂದ ಚಪ್ಪಾಳೆ ಬಂತು. ಆರ್ಕಿಟೆಕ್ಟ್ ನಗಲಿಲ್ಲ, ಟೇಪು ಹಿಡಿದು ಬಂದು ನಾನು ಎಷ್ಟು ಹೊರಗಿದ್ದೇನೆಂದು ಅಳೆದು ಬರೆದುಕೊಂಡಳು. ಬಚ್ಚಲು ಅರ್ಧ ಅಡಿ ಹಿಗ್ಗಿತು.

ಅಮ್ಮ ಮಾತ್ರ ಈ ನಾಟಕಕ್ಕೆ ಸೇರಿರಲಿಲ್ಲ. ತನ್ನ ಕೋಣೆಯಿಂದ ಹಾಲಿಗೆ ಬರುವ ಪ್ಯಾಸೇಜಿನಲ್ಲಿ ನಿಂತು ಎರಡೂ ಕೈ ಅಗಲಿಸಿ ತಿರುಗಿ ತಿರುಗಿ ನೋಡುತ್ತಿದ್ದಳು. ಮೂರಡಿ ಇತ್ತು ಅದು.

"ಇಲ್ಲಿ ತಿರುಗಿಸೋಕಾಗುತ್ತೇನಮ್ಮ?"

"ಏನನ್ನು ಅಜ್ಜಿ? ಮಂಚಾನಾ?"

"ನನ್ನನ್ನ. ಎತ್ತಿಕೊಂಡು ಹೋಗುವಾಗ."

ಒಬ್ಬರೂ ಉಸಿರೆತ್ತಲಿಲ್ಲ. ಅಪ್ಪನನ್ನು ಬಾಡಿಗೆ ಮನೆಯ ಮಹಡಿಯಿಂದ ಇಳಿಸುವಾಗ ಆ ಕಿರಿದಾದ ಮೆಟ್ಟಿಲಲ್ಲಿ ನಾವು ಪಟ್ಟ ಪಾಡು ಅಮ್ಮ ನೋಡಿದ್ದಳು. ಇಷ್ಟು ವರ್ಷ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಹುಡುಗಿ ಮಂಡಿಯೂರಿ ಕೂತು, ಅಂಗೈಯಿಂದ ಒಂದು ಗೋಡೆಯನ್ನು ಒರೆಸಿ, ಅರ್ಧ ಅಡಿ ಹಾಲಿನೊಳಕ್ಕೆ ಸರಿಸಿ ಮತ್ತೆ ಸುಣ್ಣ ಹಾಕಿದಳು.

ಇಷ್ಟಾದ ಮೇಲೆ ವಾಸ್ತು ನೋಡುವವರು ಬಂದರು. ಅಳತೆಯನ್ನು ಗುಣಿಸಿ ಎಂಟರಿಂದ ಭಾಗಿಸಿ ಶೇಷ ಹಿಡಿದು ಆಯ ಹೇಳುವ ಲೆಕ್ಕ ಅವರದು. ಹಾಲಿಗೆ ಮೊದಲು ವೃಷಭಾಯ ಕೂಡಿತ್ತು. ಈಗ ಶೇಷವೇ ಉಳಿಯುತ್ತಿಲ್ಲವೆಂದು ಹಣೆ ಚಚ್ಚಿಕೊಂಡು, ಗೋಡೆ ವಾಪಸು ಸರಿಸಲೇಬೇಕೆಂದು ಪಟ್ಟು ಹಿಡಿದರು.

"ಕಾಕಾಯ ಬಂದುಬಿಟ್ಟಿದೆ ತಾಯೀ, ಮನೆಗೆ ಕಾಗೆ!"

"ಇರಲಿ ಬಿಡಿ," ಅಂದಳು ಅಮ್ಮ, "ಹನ್ನೊಂದನೇ ದಿನ ಹೇಗೂ ಅದನ್ನೇ ಕಾದು ಕೂರ್ತಾರಲ್ಲ."