ಜೀಪಿನ ಹಸಿವು

ಮಲೆನಾಡಿನಲ್ಲಿ ಹಳೇ ಜೀಪಿನ ಯಜಮಾನರನ್ನು ಸಾಲ ಎಷ್ಟಿದೆ ಎಂದು ಬೇಕಾದರೆ ಕೇಳಿ, ಮೈಲೇಜ್ ಎಷ್ಟು ಎಂದು ಮಾತ್ರ ಕೇಳಬೇಡಿ. ಉತ್ತರದಲ್ಲಿ ಘಾಟಿ, ಕೆಸರು, ಡೀಸೆಲ್ ಕಲಬೆರಕೆ, ಕೊನೆಗೆ ಸರ್ಕಾರ ಎಲ್ಲವೂ ಬರುತ್ತವೆ. ಲೀಟರಿಗೆ ಎಷ್ಟು ಎಂಬುದೊಂದು ಬರುವುದಿಲ್ಲ.

ಕಾಫಿ ತೋಟದ ಏರಿನಲ್ಲಿ ಹಾಕಿದ ಫೋರ್‌ವೀಲ್ ಗೇರನ್ನು ಟಾರು ರಸ್ತೆಗೆ ಬಂದ ಮೇಲೂ ತೆಗೆಯದ ಶೂರರಿದ್ದಾರೆ. ಹಳೇ ಜೀಪಿನ ಮುಂದಿನ, ಹಿಂದಿನ ಆ್ಯಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ಉರುಳಬೇಕು, ಗೇರು ಬಿಡುವುದಿಲ್ಲ. ಪಾಲಿಗೆ ಜಗಳವಾಡುವ ಅಣ್ಣತಮ್ಮಂದಿರನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ! ಟೈರೂ ಸವೆಯುತ್ತದೆ, ಡೀಸೆಲ್ಲೂ ಕರಗುತ್ತದೆ.

ಇನ್ನು ಆ ದಪ್ಪ ಟೈರು. ನೋಡಲು ಗತ್ತು, ಉರುಳಿಸಲು ಭಾರ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡದು ಹಾಕಿದರೆ ಮೀಟರು ಓಡಿದ್ದಕ್ಕಿಂತ ಕಡಿಮೆ ಕಿಲೋಮೀಟರ್ ತೋರಿಸುತ್ತದೆ. ಅಂದರೆ ಕಾಣೆಯಾದ ಮೈಲೇಜಿನಲ್ಲಿ ಒಂದಿಷ್ಟನ್ನು ಮೀಟರೇ ನುಂಗಿರುತ್ತದೆ. ಬೈಗುಳವೆಲ್ಲ ಪಾಪ, ಎಂಜಿನ್ನಿಗೆ.

ಮೈಲೇಜ್ ಏರುತ್ತದೆಂದು ನಂಬಿ ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟಿ ಕೂತವರೂ ಉಂಟು. ಅದರ ಬದಲು ಏರ್ ಫಿಲ್ಟರಿನ ಧೂಳು ಕೊಡವಿ, ಇಂಜೆಕ್ಟರ್ ಪರೀಕ್ಷೆ ಮಾಡಿಸಿ, ಟೈರಿಗೆ ಸರಿಯಾಗಿ ಗಾಳಿ ಹೊಡೆಸಿ, ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ತಲೆಯ ಮೇಲಿನ ಖಾಲಿ ಕ್ಯಾರಿಯರ್ ಇಳಿಸಿ. ಇಷ್ಟು ಮಾಡಿದರೆ ಖರ್ಚು ಇಳಿಯುತ್ತದೆ. ಆದರೆ ಜೀಪು ಆಲ್ಟೋ ಆಗುವುದಿಲ್ಲ.