ಗುಡ್ಡೆ ಹತ್ತುವಾಗ ಮಾತ್ರ ಬರುವ ಗ್ಯಾಸ್

“ತೋಟದಿಂದ ಮನೆಗೆ ಹತ್ತುವಾಗ ಎದೆ ಹಿಡಿದ ಹಾಗೆ ಆಗ್ತದೆ ಮಾಷ್ಟ್ರೆ. ಎರಡು ನಿಮಿಷ ನಿಂತರೆ ಸರಿಯಾಗ್ತದೆ. ಗ್ಯಾಸ್ ಇರ್ಬೇಕು” ಎಂದರು ಪಕ್ಕದ ತೋಟದ ಅಣ್ಣ, ತಡಮೆಯ ಆಚೆ ನಿಂತು.

ನಮ್ಮ ಪುತ್ತೂರು ಬಳಿಯ ನರಿಮೊಗರಿನ ಕಡೆ ಹೆಚ್ಚಿನವರಿಗೆ ಅಡಿಕೆ ತೋಟ ಕೆಳಗೆ, ಮನೆ ಮೇಲೆ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೇವೋ ಲೆಕ್ಕವಿಲ್ಲ. ಎದೆಯಲ್ಲಿ ಏನಾದರೂ ಆದರೆ ಜೀರಿಗೆ ಕಷಾಯ, ಪುನರ್ಪುಳಿ ಶರಬತ್ತು. ನಾನು ಹೇಳಿದೆ, “ಅಣ್ಣ, ಗ್ಯಾಸ್ ಆದರೆ ಕೂತಾಗಲೂ ಬರಬೇಕು, ಮಲಗಿದಾಗಲೂ ಬರಬೇಕು. ಹತ್ತುವಾಗ ಬಂದು ನಿಂತಾಗ ಹೋಗುವುದಾದರೆ ಮೊದಲು ಹೃದಯದ ಮೇಲೆಯೇ ಸಂಶಯ ಪಡಬೇಕು.”

ಹೃದಯವೆಂದರೆ ಸುಮಾರು 300 ಗ್ರಾಮಿನ ಸ್ನಾಯು. ದಿನಕ್ಕೆ ಒಂದು ಲಕ್ಷದಷ್ಟು ಸಲ ಬಡಿಯುತ್ತದೆ. ತನ್ನೊಳಗೆ ತುಂಬಿದ ರಕ್ತದಿಂದ ಅದಕ್ಕೆ ಹೊಟ್ಟೆ ತುಂಬುವುದಿಲ್ಲ. ಹೊರಮೈಯಲ್ಲಿ ಹರಿದು ಒಳಕ್ಕೆ ಇಳಿಯುವ ಕೊರೊನರಿ ನಾಳಗಳೇ ತಂದುಕೊಡಬೇಕು. ನಾವು ಸುಮ್ಮನೆ ಕೂತಾಗ ನಿಮಿಷಕ್ಕೆ 250 ಮಿ.ಲೀ. ಆಸುಪಾಸು. ವಿಶ್ರಾಂತಿಯಲ್ಲಿ ಇಡೀ ದೇಹ ತನಗೆ ಬಂದ ಆಮ್ಲಜನಕದಲ್ಲಿ ಕಾಲುಭಾಗ ಬಳಸಿದರೆ ಹೃದಯ ಮುಕ್ಕಾಲು ಭಾಗವನ್ನು ಆಗಲೇ ಹೀರಿರುತ್ತದೆ. ಹಾಗಾಗಿ ಗುಡ್ಡೆ ಹತ್ತಲು ಹೊರಟರೆ ಅದಕ್ಕೆ ಬೇರೆ ಉಳಿತಾಯವಿಲ್ಲ, ರಕ್ತವೇ ಹೆಚ್ಚು ಬರಬೇಕು. ಒಳ್ಳೆಯ ನಾಳ ನಾಲ್ಕು ಪಟ್ಟಾದರೂ ಹೆಚ್ಚಿಸಿ ಕೊಡುತ್ತದೆ. ಕೊಬ್ಬು ಕಟ್ಟಿ ಶೇಕಡಾ 70ರಷ್ಟು ಕಿರಿದಾದ ನಾಳ ಕೂತವನಿಗೆ ಸಾಕಷ್ಟು ಕೊಡುತ್ತದೆ, ಹತ್ತುವವನಿಗೆ ಸಾಲದು.

“ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗ ನಿಮ್ಮ ಸ್ಪ್ರಿಂಕ್ಲರಿನ ಕೊನೆಯ ಜೆಟ್ ತಿರುಗುವುದಿಲ್ಲ ಅಲ್ವಾ, ಹಾಗೆ” ಎಂದೆ. ಹೃದಯದ ಗೋಡೆಯಲ್ಲಿ ಆ ಕೊನೆಯ ಜೆಟ್ ಎಂದರೆ ಒಳಪದರ. ರಕ್ತ ಕಡಿಮೆಯಾದಾಗ ಮೊದಲು ಬಳಲುವುದು ಅದೇ.

ಅಣ್ಣ ಕೇಳಿದ್ದು ಒಳ್ಳೆಯ ಪ್ರಶ್ನೆ. “ನೋವಿಲ್ಲದಿದ್ದರೆ ತೊಂದರೆ ಇಲ್ಲ ಅಂತ ಅಲ್ವಾ?”

ಅಲ್ಲ. ನೋವು ಬರುವುದು ಸಾಮಾನ್ಯವಾಗಿ ಎಲ್ಲದರ ಕೊನೆಗೆ. ರಕ್ತ ಸಾಲದಾದಾಗ ಸ್ನಾಯು ಮೊದಲು ಸಡಿಲಗೊಳ್ಳಲು ಸೋಲುತ್ತದೆ, ಬಿಗಿದುಕೊಳ್ಳುತ್ತದೆ. ಒತ್ತಡ ಶ್ವಾಸಕೋಶದತ್ತ ಹಿಂದೆ ಸರಿದು ಉಸಿರು ಕಟ್ಟುತ್ತದೆ. ಆಮೇಲೆ ಹಿಂಡುವ ಬಲ ಕುಗ್ಗುತ್ತದೆ, ನಂತರ ಇಸಿಜಿ ಬದಲಾಗುತ್ತದೆ, ಅದರ ಬಳಿಕ ನೋವು. ಸಕ್ಕರೆ ಕಾಯಿಲೆಯವರಲ್ಲಿ ಎಷ್ಟೋ ಸಲ ನೋವು ಬರುವುದೇ ಇಲ್ಲ. ಸುಸ್ತು, ಬೆವರು, ಏದುಸಿರು ಅಷ್ಟೆ. ಹೆಂಗಸರಲ್ಲಿ ದವಡೆ, ಬೆನ್ನು ನೋಯಬಹುದು. ಅಡುಗೆಮನೆಯ ಕೆಲಸದ ಸುಸ್ತು ಎಂದು ಅದನ್ನು ತಳ್ಳಿಹಾಕುವುದು ನನಗೆ ತೀರ ಸಂಕಟದ ಸಂಗತಿ.

ನಾಳ ಪೂರ್ತಿ ಮುಚ್ಚಿದರೆ? 1935ರಲ್ಲಿ ಅಮೆರಿಕದ ಟೆನೆಂಟ್ ಮತ್ತು ವಿಗರ್ಸ್ ಪ್ರಾಣಿಗಳ ಕೊರೊನರಿ ನಾಳ ಕಟ್ಟಿ ನೋಡಿದರು. ಒಂದು ನಿಮಿಷದೊಳಗೆ ಆ ಭಾಗ ಹಿಂಡುವುದನ್ನು ಬಿಟ್ಟು, ಬಡಿತಕ್ಕೊಮ್ಮೆ ಹೊರಕ್ಕೆ ಉಬ್ಬತೊಡಗಿತು. ಆದರೆ ಜೀವಕೋಶ ಆಗಲೇ ಸತ್ತಿರುವುದಿಲ್ಲ. ಸಾಯುವುದು ಇಪ್ಪತ್ತು ನಿಮಿಷ ದಾಟಿದ ಮೇಲೆ, ಒಳಪದರದಿಂದ ಶುರುವಾಗಿ, ಕೆಲವು ಗಂಟೆಗಳಲ್ಲಿ ಹೊರಪದರದವರೆಗೆ. ಅಷ್ಟರೊಳಗೆ ರಕ್ತ ಮರಳಿದರೆ ಸ್ನಾಯು ಉಳಿಯುತ್ತದೆ, ಬಲ ಬರಲು ದಿನಗಳು, ವಾರಗಳು ಹಿಡಿಯಬಹುದು. ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿದ್ದು ಕೆಲಸ ಕಡಿಮೆ ಮಾಡಿಕೊಂಡು ಜೀವ ಹಿಡಿದ ಸ್ನಾಯುವೂ ಉಂಟು. ಬೈಪಾಸ್ ಆದ ಮೇಲೆ ಅಂಥ ಹೃದಯ ಚೇತರಿಸುವುದನ್ನು 1980ರ ದಶಕದಲ್ಲಿ ವೈದ್ಯಲೋಕಕ್ಕೆ ಒತ್ತಿ ಹೇಳಿದವರು ಮುಂಬಯಿಯಲ್ಲಿ ಹುಟ್ಟಿದ ಶಹಾಬುದ್ದೀನ್ ರಹಿಮ್ತೂಲಾ. ಎಲ್ಲರಿಗೂ ಹಾಗೆ ಆಗುತ್ತದೆಂದಲ್ಲ. ಆದರೆ ಎಕೋ ಮಾಡಿಸಿ ಬಂದು “ಪಂಪಿಂಗ್ 35 ಅಂತೆ, ಇನ್ನೆಂತ ಉಳಿಯಿತು” ಎಂದು ಕೈಚೆಲ್ಲಬಾರದು. ತುಂಬಿದ ರಕ್ತದಲ್ಲಿ ಬಡಿತಕ್ಕೊಮ್ಮೆ ಶೇಕಡಾ ಎಷ್ಟು ಹೊರಹೋಗುತ್ತದೆ ಎಂಬ ಆ ಲೆಕ್ಕ ಗಟ್ಟಿ ಹೃದಯಕ್ಕೂ 100 ಅಲ್ಲ, 55ರಿಂದ 70ರ ನಡುವೆ.

ಹೊತ್ತಿಗೆ ಸರಿಯಾಗಿ ರಕ್ತ ಮರಳಿಸಲು ನಮಗಿರುವ ದೊಡ್ಡ ಅಡ್ಡಿ ದಾರಿ. ಪುತ್ತೂರಿನಿಂದ ಮಾಣಿ, ಬಿ.ಸಿ.ರೋಡ್ ದಾಟಿ ಮಂಗಳೂರಿಗೆ 50 ಕಿ.ಮೀ. ಮೇಲೆ. ಇದನ್ನು ಕಂಡೇ ಮಂಗಳೂರು ಕೆಎಂಸಿಯ ಡಾ. ಪದ್ಮನಾಭ ಕಾಮತ್ 2018ರಲ್ಲಿ ಹಳ್ಳಿ ವೈದ್ಯರನ್ನು ವಾಟ್ಸ್ಯಾಪ್‌ನಲ್ಲಿ ಸೇರಿಸಿ, ಸಣ್ಣ ಕ್ಲಿನಿಕ್‌ಗಳಿಗೆ, ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಲು ಹೊರಟರು. ಇಸಿಜಿ ಪಟ್ಟಿಯನ್ನು ಊರಲ್ಲೇ ತೆಗೆದರೆ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ನಮ್ಮ ಜಿಲ್ಲೆಗೆ ಆದ ದೊಡ್ಡ ಉಪಕಾರಗಳಲ್ಲಿ ಇದೊಂದು ಎಂದೇ ನನ್ನ ಎಣಿಕೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ರ ಪ್ರಾಯದಲ್ಲಿ ಹೃದಯಾಘಾತದಿಂದ ತೀರಿಕೊಂಡರಷ್ಟೆ. ಅವರ ಹೆಸರಿನ ಸರಕಾರಿ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆ ಉಂಟು.

“ಅಡಿಕೆ ಕೊಯ್ಲು ಒಂದು ಮುಗಿಯಲಿ, ಆಮೇಲೆ ಹೋಗುವ” ಎಂದರು ಅಣ್ಣ. “ಕೊಯ್ಲು ಕಾಯ್ತದೆ ಅಣ್ಣ, ಇವತ್ತೇ ಹೋಗುವ, ನಾನೂ ಬರ್ತೇನೆ” ಎಂದೆ.

ಓದುವ ನಿಮಗೂ ಅದೇ ಮಾತು. ಹತ್ತುವಾಗ ಎದೆ ಹಿಡಿದರೆ ಅದೇ ದಿನ ಇಸಿಜಿ ತೆಗೆಸಿ. ಮೊದಲನೆಯದು ಸರಿ ಇದ್ದರೂ ತೊಂದರೆ ನಿಲ್ಲದಿದ್ದರೆ ಇನ್ನೊಮ್ಮೆ ತೆಗೆಯಲು ಹೇಳಿ. ಕೂತಲ್ಲೇ ನೋವು ಬಂದು ಬೆವರಿದರೆ ಬೈಕ್ ಹತ್ತಿ ಒಬ್ಬರೇ ಹೊರಡಬೇಡಿ, 108ಕ್ಕೆ ಫೋನ್ ಮಾಡಿ.