ಮಡ್‌ಗಾರ್ಡಿನ ಮೇಲೆ ಮೈಸೂರು

ಸಿಂಧಘಟ್ಟದ ನಿವೃತ್ತ ಮೇಷ್ಟ್ರ ಹಳೇ ಪೆಟ್ರೋಲ್ ಜೀಪು ಸ್ಟಾರ್ಟ್ ಆಯಿತೆಂದರೆ ಒಳಗಿನ ರೇಡಿಯೋ ಕಡಲೆಕಾಯಿ ಹುರಿಯಲು ಕೂರುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಚಟಪಟ ಜೋರು. ಇಂಜಿನ್ ಆರಿಸಿದರೆ ಮಾತ್ರ ವಾರ್ತೆ. ಅದೂ ಎತ್ತರದ ಜಾಗದಲ್ಲಿ, ಏಕೆಂದರೆ ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವಂಥವು. ದಿಣ್ಣೆ ಅಡ್ಡ ಬಂದರೆ ಬಗ್ಗಿ ಬರುವಷ್ಟು ವಿನಯ ಅವಕ್ಕಿಲ್ಲ. ಮೇಷ್ಟ್ರು ಕೆ.ಆರ್. ಪೇಟೆಗೆ ಹೊರಟರೆ ಕೆರೆ ಏರಿ ಮೇಲೆ ನಿಲ್ಲಿಸಿ ಸುದ್ದಿ ಕೇಳುವರು. ಜೀಪು ಕೆಟ್ಟಿತೆಂದು ದಾರಿಹೋಕರು ತಳ್ಳಲು ಬರುವರು.

"ಆಕಾಶವಾಣಿ ಅನ್ನೋ ಹೆಸರು ಕೊಟ್ಟಿದ್ದೇ ಮೈಸೂರು" ಎಂಬುದು ಮೇಷ್ಟ್ರ ಅಭಿಮಾನದ ಮಾತು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಬಿತ್ತರಿಸಿದ್ದರು. ಅಂಥ ಮೈಸೂರಿನ ದನಿ ಪಕ್ಕದ ಜಿಲ್ಲೆಗೆ ಬರುವಾಗ ಉಬ್ಬಸಪಡುವುದೆಂದರೇನು?

ಮೊದಲ ಚಿಕಿತ್ಸೆ ಬಿದಿರಿನದು. ಏರಿಯಲ್ ಉದ್ದವಾದಷ್ಟೂ ಒಳ್ಳೆಯದೆಂದು ಗಳಕ್ಕೆ ತಾಮ್ರದ ತಂತಿ ಸುತ್ತಿ ಜೀಪಿಗೆ ಬಿಗಿದರು. ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರು ಅದನ್ನೂ ಒಂದು ಜಲ್ಲೆ ಎಂದೇ ಭಾವಿಸಿ ಕೊಂಡೊಯ್ದಿತು. ಇದ್ದರೂ ಪ್ರಯೋಜನವಿರಲಿಲ್ಲ. ಮೈಸೂರು ಬರುವುದು 100.6 ಮೆಗಾಹರ್ಟ್ಸ್‌ನಲ್ಲಿ, ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲುಭಾಗ, ಅಂದರೆ 75 ಸೆಂಟಿಮೀಟರ್ ಕಡ್ಡಿ ಧಾರಾಳವಾಗಿ ಸಾಕು.

ಕೊನೆಗೆ ಪೇಟೆಯ ಎಲೆಕ್ಟ್ರಿಷಿಯನ್ ಹುಡುಗ ಬಾನೆಟ್ ಎತ್ತಿದ. "ಪ್ಲಗ್ಗಲ್ಲಿ ಕಿಡಿ ಹಾರೋವಾಗೆಲ್ಲ ಅದೂ ಒಂದು ಸ್ಟೇಷನ್ನೇ ಸಾ" ಎಂದು ರೆಸಿಸ್ಟೆನ್ಸ್ ಇರುವ ಪ್ಲಗ್ ವೈರು ಹಾಕಿ, ಇಗ್ನಿಷನ್ ಕಾಯಿಲ್‌ಗೊಂದು ಕಂಡೆನ್ಸರ್ ಕಟ್ಟಿದ. ಕಡಲೆಕಾಯಿ ಹುರಿಯುವುದು ನಿಂತಿತು. ಆದರೆ ಮೈಸೂರು ಇನ್ನೂ ಬಾವಿಯೊಳಗಿಂದಲೇ ಮಾತಾಡುತ್ತಿತ್ತು.

ಹುಡುಗ ಮಡ್‌ಗಾರ್ಡಿನ ಮೇಲಿನ ಏರಿಯಲ್ ಬಿಚ್ಚಿ, ಅದರ ಬುಡವನ್ನು ಉಗುರಿನಿಂದ ಕೆರೆದ. ಹಸಿರು ಉದುರಿತು. ಅದರಡಿ ನೀಲಿ. ನೀಲಿಯಡಿ ಕೆನೆಬಣ್ಣ, ಆಮೇಲೆ ತುಕ್ಕು.

"ಅರ್ತೇ ಸಿಗ್ತಿಲ್ವಲ್ಲ ಸಾ! ಏಸ್ ಕೋಟ್ ಹೊಡ್ಸಿದ್ದೀರಾ?"

ಆಯುಧಪೂಜೆಗೊಂದು ಕೋಟು. ಹೊಳಪು ಹೆಚ್ಚಿದಂತೆಲ್ಲ ದನಿ ಯಾಕೆ ಕುಗ್ಗಿತೆಂಬುದು ಮೇಷ್ಟ್ರಿಗೆ ಆಗ ಹೊಳೆಯಿತು. ಏರಿಯಲ್ಲಿನ ಬುಡ ಜೀಪಿನ ಬರಿಮೈಯ ಕಬ್ಬಿಣಕ್ಕೆ ತಾಗಬೇಕು. ಇವರು ವರ್ಷವರ್ಷ ಅದಕ್ಕೆ ಹೊಸ ಅಂಗಿ ತೊಡಿಸುತ್ತಿದ್ದರು. ಎಮರಿ ಪೇಪರಿನಿಂದ ರೂಪಾಯಿ ಬಿಲ್ಲೆಯಗಲ ತಿಕ್ಕಿ, ಗ್ರೀಸ್ ಸವರಿ ಬೋಲ್ಟ್ ಬಿಗಿದದ್ದೇ ತಡ, ಜೀಪು ಓಡುತ್ತಿರುವಾಗಲೇ ಕೃಷಿರಂಗದವರು ರಾಗಿ ಬೆಳೆಯ ಕೀಟಬಾಧೆಯನ್ನು ಕಿವಿಯಲ್ಲೇ ವಿವರಿಸಿದರು.

ಆ ವರ್ಷದ ಆಯುಧಪೂಜೆಗೆ ಪೇಂಟಿನವನು ಬಂದಾಗ ಮೇಷ್ಟ್ರು ಏರಿಯಲ್ಲಿನ ಬುಡಕ್ಕೆ ಟ್ಯೂಬಿನ ಚೂರು ಸುತ್ತಿ ಕಾವಲು ನಿಂತರು. ಸಂಜೆ ಪೂಜೆಯ ತಟ್ಟೆ ಹಿಡಿದು ಬಂದ ಮನೆಯಾಕೆ ಬಾನೆಟ್ಟಿಗೆ, ಸ್ಟೀರಿಂಗಿಗೆ, ನಾಲ್ಕೂ ಚಕ್ರಕ್ಕೆ ಕುಂಕುಮ ಇಟ್ಟು ಏರಿಯಲ್ಲಿನ ಬಳಿ ಬೆರಳು ತಡೆದರು.

"ಅಲ್ಲಾ ಅಂದ್ರೆ, ಇಲ್ಲಿಗೆ ಕುಂಕುಮ ಇಡ್ಬೋದಾ, ಇಲ್ಲಾ ಮೈಸೂರು ನಿಂತೋಗುತ್ತಾ?"